ಕೆರಿಯಪ್ಪನ ಹೆಸರಿನಲ್ಲಿ ಸತ್ತವನು

೨೦೨೫ರ ಸೆಪ್ಟೆಂಬರ್ ಹದಿನೈದು, ಸೋಮವಾರ. ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ಸಿದ್ದಾಪುರ ಠಾಣೆಯ ಮೆಟ್ಟಿಲ ಕೆಳಗೆ ಚಪ್ಪಲಿ ಬಿಟ್ಟು ಒಬ್ಬ ಹಿರಿಯ ಒಳಗೆ ಬಂದ. ದೇವಸ್ಥಾನಕ್ಕೂ ಠಾಣೆಗೂ ಬರಿಗಾಲಲ್ಲೇ ಹೋಗಬೇಕು ಎಂದು ನಂಬಿದ ಕಾಲದವನು. ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ, ಅದರೊಳಗೆ ನಾಲ್ಕು ಮಡಿಕೆಯ ಕಾಗದ. ಹವಾಲ್ದಾರ್ ಸಂಗಯ್ಯ ಕುರ್ಚಿ ತೋರಿಸಿ, “ಕೂಡ್ರಿ ಹಿರಿಯರ, ಏನಾತು ಹೇಳ್ರಿ” ಎಂದ.

ಬಂದವನು ಕೂರಲಿಲ್ಲ. “ಸತ್ತೋನು ದೂರು ಕೊಟ್ರೆ ತಕಳ್ತ್ರಾ?” ಎಂದು ಕೇಳಿದ.

ಸಂಗಯ್ಯ ಬನವಾಸಿ ಕಡೆಯವನು. ಹಣೆಗೆ ಮೂರು ಬೆರಳ ವಿಭೂತಿ ಇಲ್ಲದೆ ಟೋಪಿ ತೊಟ್ಟವನಲ್ಲ. ನಿವೃತ್ತಿಗೆ ಏಳು ತಿಂಗಳಿತ್ತು. ಮೂವತ್ತೈದು ವರ್ಷದ ನೌಕರಿಯಲ್ಲಿ ಕುಡಿದವರು, ಬಡಿದಾಡಿದವರು, ಬದುವಿನ ಕಲ್ಲು ಕಿತ್ತವರು ಎಲ್ಲ ಬಂದಿದ್ದರು. ಸತ್ತವನು ಬಂದದ್ದು ಇದೇ ಮೊದಲು. ಕಾಗದ ಬಿಚ್ಚಿ ನೋಡಿದ. ಮರಣ ಪ್ರಮಾಣಪತ್ರ. ಹೆಸರು ಕೆರಿಯಪ್ಪ, ತಂದೆ ಬಂಗಾರ್ಯ, ವಯಸ್ಸು ಐವತ್ತೇಳು, ಮರಣದ ದಿನಾಂಕ ೨೬-೫-೨೦೨೧, ಸ್ಥಳ ಸಿರ್ಸಿಯ ಕೋವಿಡ್ ವಾರ್ಡು. ಆ ಕೆರಿಯಪ್ಪ ಎದುರಿಗೆ ಬಾಯಲ್ಲಿದ್ದ ಎಲೆಯಡಿಕೆಯ ಕವಳ ಉಗಿಯಲು ಜಾಗ ಹುಡುಕುತ್ತ ನಿಂತಿದ್ದ.

ಅವನು ಕೊನೆಗೌಡ, ಎಂದರೆ ಅಡಿಕೆ ಮರ ಹತ್ತಿ ಗೊನೆ ಇಳಿಸುವವನು, ಮಳೆಗಾಲದ ಮುಂಚೆ ಕೊಳೆರೋಗಕ್ಕೆ ಔಷಧಿ ಹೊಡೆಯುವವನು. ಈಗ ಮೊಣಕಾಲು ಸೋತು ಮನೆಯಲ್ಲಿದ್ದ. ಪಡಿತರ ಚೀಟಿಗಳ ಪರಿಶೀಲನೆ ನಡೆದಾಗ ಡಿಪೋದವನು, ನಿನ್ನ ಹೆಸರು ತೆಗೆದಾಗಿದೆ, ನೀನು ತೀರಿಹೋಗಿ ನಾಲ್ಕು ವರ್ಷವಾಯಿತು ಎಂದನಂತೆ. ಊರಲ್ಲಿ ನಗಾಟಕ್ಕೆ ಅಷ್ಟೇ ಸಾಕಾಯಿತು. ಅದೂ ಪಿತೃಪಕ್ಷದ ದಿನಗಳು. ಕೆರಿಯಪ್ಪ ಯಾರ ಜಗಲಿ ಹತ್ತಿದರೂ, ಹಿರೇರು ಬಂದ್ರು, ಎಲೆ ಹಾಕಿ ಎನ್ನುತ್ತಿದ್ದರು.

ಪಿಎಸ್‌ಐ ಮಮತಾ ಎಲ್ಲ ಕೇಳಿಕೊಂಡರು. ಮೂವತ್ತೆರಡು ದಾಟದ ಹೆಂಗಸು, ದನಿ ಎತ್ತಿ ಮಾತಾಡಿದ್ದನ್ನು ಠಾಣೆ ಕೇಳಿರಲಿಲ್ಲ. ಹನ್ನೊಂದೂ ಮುಕ್ಕಾಲಕ್ಕೆ ಎಫ್‌ಐಆರ್ ದಾಖಲಾಯಿತು. ಕೃತ್ಯ ನಡೆದದ್ದು ಹೊಸ ಕಾನೂನಿಗೆ ಮೊದಲು, ಆದ್ದರಿಂದ ಹಳೆಯ ದಂಡಸಂಹಿತೆಯ ಕಲಮುಗಳು: ಸೋಗು, ಖೋಟಾ ದಾಖಲೆ, ಖೋಟಾ ದಾಖಲೆಯ ಬಳಕೆ. ಆರೋಪಿಯ ಹೆಸರಿನ ಮುಂದೆ ‘ಅಪರಿಚಿತ’ ಎಂದು ಬರೆದರು.

ಕೆರಿಯಪ್ಪ ಹೆಬ್ಬೆಟ್ಟು ಒತ್ತಿ ಹೋದ ಮೇಲೆ ಮಮತಾ ಪ್ರತಿಯನ್ನು ಮತ್ತೆ ಓದಿದರು. “ಇವನು ಬದುಕಿದ್ದಾನೆ ಸರಿ. ಹಾಗಾದರೆ ಸತ್ತಿದ್ದು ಯಾರು, ಸಂಗಯ್ಯ?”

ಎಲ್ಲೋ ಒಂದು ಮನೆಯಲ್ಲಿ ಒಬ್ಬ ಕಡಿಮೆಯಾಗಿದ್ದಾನೆ, ಆ ಮನೆಯವರಿಗೆ ಅದು ಗೊತ್ತೇ ಇಲ್ಲದಿರಬಹುದು ಎಂಬುದು ಸಂಗಯ್ಯನ ಮನಸ್ಸಿಗೆ ಬಂತು. ಬಂದದ್ದು ಹೋಗಲಿಲ್ಲ.

ಮರುದಿನ, ಮಂಗಳವಾರ, ಇಬ್ಬರೂ ಸಿರ್ಸಿಗೆ ಹೋದರು. ಜೀಪು ನಡೆಸಿದವನು ಕಾನ್‌ಸ್ಟೇಬಲ್ ಶಶಾಂಕ. ಕೋವಿಡ್ ಪರಿಹಾರ ನುಂಗಲು ಯಾರೋ ಮಾಡಿದ ಕೆಲಸವಿರಬೇಕು ಎಂಬುದು ಅವನ ಲೆಕ್ಕ. ತಾಲೂಕು ಕಚೇರಿಯಲ್ಲಿ ಕೇಳಿದರೆ ಕೆರಿಯಪ್ಪನ ಹೆಸರಿಗೆ ಪರಿಹಾರದ ಅರ್ಜಿಯನ್ನೇ ಯಾರೂ ಹಾಕಿರಲಿಲ್ಲ. ಸಾವಿನಿಂದ ಯಾರಿಗೂ ಏನೂ ದಕ್ಕಿರಲಿಲ್ಲ.

ಎರಡನೇ ಅಲೆಯಲ್ಲಿ ತಾತ್ಕಾಲಿಕವಾಗಿ ತೆರೆದಿದ್ದ ವಾರ್ಡು ಈಗಿರಲಿಲ್ಲ. ಅದರ ಕಡತಗಳು ಒಂದು ಉಗ್ರಾಣದಲ್ಲಿದ್ದವು. ಎರಡೂವರೆ ತಾಸು ಧೂಳು ಕೊಡವಿದ ಮೇಲೆ ಕೆರಿಯಪ್ಪನ ಚೀಟಿ ಸಿಕ್ಕಿತು. ದಾಖಲು: ಮೇ ಇಪ್ಪತ್ತೈದು, ಬೆಳಿಗ್ಗೆ ಆರೂ ಹತ್ತು. ಮರಣ: ಮೇ ಇಪ್ಪತ್ತಾರು, ಮಧ್ಯಾಹ್ನ ಮೂರೂ ನಲವತ್ತು. ಅಂಚಿನಲ್ಲಿ ನರ್ಸಿನ ಕೈಬರಹದಲ್ಲಿ ಎರಡು ಸಾಲು: ‘ರೋಗಿಗೆ ಕನ್ನಡ ತಿಳಿಯುವುದಿಲ್ಲ. ಹಿಂದಿಯಲ್ಲಿ ಯಾರನ್ನೋ ಕರೆಯುತ್ತಾನೆ.’

ಕೆರಿಯಪ್ಪನಿಗೆ ಹಿಂದಿಯ ಒಂದಕ್ಷರ ಬರುವುದಿಲ್ಲ ಎಂದು ಸಂಗಯ್ಯ ಹೇಳಬೇಕಾಗಿರಲಿಲ್ಲ. ಬರೆದ ನರ್ಸ್ ವಾಣಿಶ್ರೀ ಈಗ ಹಾವೇರಿಯಲ್ಲಿದ್ದಳು. ಫೋನಿನಲ್ಲಿ ಸಿಕ್ಕಳು. ಐವತ್ತೇಳು ಎಂದು ಬರೆದಿದ್ದರೂ ತಲೆಗೂದಲು ಒಂದೂ ನೆರೆತಿರಲಿಲ್ಲ, ಅದು ತನಗೆ ನೆನಪಿದೆ ಎಂದಳು. ಯಾಕೆ ಯಾರಿಗೂ ಹೇಳಲಿಲ್ಲ ಎಂದು ಮಮತಾ ಕೇಳಿದರು. “ಇಪ್ಪತ್ತು ಹಾಸಗಿ ಇದ್ವು ಮೇಡಂ, ಮೂವತ್ತೊಂದು ಮಂದಿ ಇದ್ರು. ಮುಖ ನೋಡಾಕ ಪುರಸೊತ್ತಿರಲಿಲ್ಲ” ಎಂದಳು.

ದಾಖಲು ಮಾಡಿದವರ ಕಾಲಂನಲ್ಲಿ ಸಹಿ ಸ್ಪಷ್ಟವಾಗಿತ್ತು. ಸುಭಾಷ, ಹೆಗಡೆಕಟ್ಟಾ ಕಡೆ. ಸಂಬಂಧ: ಸೋದರಳಿಯ.

ಹದಿನೇಳರಂದು ಕೆರಿಯಪ್ಪನನ್ನು ಮತ್ತೆ ಕರೆಸಿ ಆ ಹೆಸರು ಓದಿ ಹೇಳಿದರು. ಅವನ ಮುಖ ಸುಣ್ಣವಾಯಿತು. ಸುಭಾಷ ಅವನ ಅಕ್ಕ ಚೌಡಮ್ಮನ ಮಗ. ಮರದಿಂದ ಬಿದ್ದು ಸೊಂಟ ಮುರಿದ ವರ್ಷ ಮಾವನನ್ನು ಹೆಗಲ ಮೇಲೆ ಹೊತ್ತು ಎರಡು ಮೈಲಿ ನಡೆದವನು. ಅವನೇ ಕೊನೆಗೌಡರ ಒಂದು ತಂಡ ಕಟ್ಟಿ, ಊರೂರಿನ ತೋಟದ ಔಷಧಿ, ಕೊಯ್ಲು ವಹಿಸಿಕೊಳ್ಳುತ್ತಿದ್ದ. ಲಾಕ್‌ಡೌನಿನಲ್ಲಿ ಪಾಸು ಮಾಡಿಸಬೇಕೆಂದು ತಂಡದವರೆಲ್ಲರ ಆಧಾರ್ ಪ್ರತಿ ತೆಗೆದುಕೊಂಡಿದ್ದ. ಕೆರಿಯಪ್ಪನದೂ ಅದರಲ್ಲಿತ್ತು. ಆದರೆ ಕೆಲಸಕ್ಕೆ ಹೋಗುವ ಹೊತ್ತಿಗೆ ಮನೆಯವಳಿಗೆ ಪಾಸಿಟಿವ್ ಬಂದು ಅವನನ್ನು ಶಾಲೆಯಲ್ಲಿ ಕ್ವಾರಂಟೈನ್ ಮಾಡಿದ್ದರು.

ಇಷ್ಟು ಹೇಳಿ ಕೆರಿಯಪ್ಪ ಕೈಮುಗಿದ. ದೂರು ವಾಪಸ್ ತೆಗೆದುಕೊಳ್ಳುತ್ತೇನೆ ಎಂದ. “ನಾ ಸತ್ತೋನಾಗೇ ಇರ್ತೆ. ನಂಗೆ ಅಕ್ಕಿ ಬ್ಯಾಡ. ಆ ಹುಡುಗನ್ನ ಬಿಟ್ಟಾಕಿ.”

ಮಮತಾ ಅವನಿಗೆ ನೀರು ಕೊಡಿಸಿದರು. ಎಫ್‌ಐಆರ್ ಎಂಬುದು ಸ್ಲೇಟಿನ ಮೇಲೆ ಬರೆದದ್ದಲ್ಲ, ಒರೆಸಲಾಗದು ಎಂದರು. ಸತ್ತವನಿಗೂ ಒಬ್ಬ ಮಾವನೋ ಅಳಿಯನೋ ಇದ್ದಾನು ಎಂದೂ ಹೇಳಿದರು. ಕೆರಿಯಪ್ಪ ತಲೆ ತಗ್ಗಿಸಿದವನು ಎತ್ತಲಿಲ್ಲ.

ಸುಭಾಷನ ಫೋನು ಮೂರು ದಿನ ಸಿಗಲಿಲ್ಲ. ಕೊಪ್ಪದ ಕಡೆ ಕೊಯ್ಲಿಗೆ ಹೋಗಿದ್ದಾನೆ ಎಂದು ಸುದ್ದಿ. ಶಶಾಂಕ ಹೋಗಿ ಎಳೆದು ತರುತ್ತೇನೆಂದು ಎದ್ದು ನಿಂತ. ಸಂಗಯ್ಯ ತಡೆದ. ಭಾನುವಾರ ಮಹಾಲಯ ಅಮಾವಾಸ್ಯೆ. ತಂದೆ ಇಲ್ಲದ ಮನೆಯ ಗಂಡುಮಗ, ಲೋಕ ಮುಳುಗಿದರೂ ಅಂದು ಹಿರಿಯರಿಗೆ ಎಡೆ ಇಡಲು ಬಂದೇ ಬರುತ್ತಾನೆ ಎಂದ. ಮಮತಾ ಒಪ್ಪಿದರು.

ಸೆಪ್ಟೆಂಬರ್ ಇಪ್ಪತ್ತೊಂದು, ಹನ್ನೆರಡೂ ನಲವತ್ತು. ಸಂಗಯ್ಯ ಜೀಪನ್ನು ತಿರುವಿನಲ್ಲೇ ನಿಲ್ಲಿಸಿ ಒಬ್ಬನೇ ನಡೆದು ಹೋದ. ಹಂಚಿನ ಸಣ್ಣ ಮನೆ, ಸಗಣಿ ಸಾರಿಸಿದ ಅಂಗಳ. ಬಾಗಿಲಿಂದ ಕಡುಬಿನ ಹಬೆ ಬರುತ್ತಿತ್ತು. ಟೋಪಿ ತೆಗೆದು, ಬೂಟು ಕಳಚಿ ಹೊರಗೆ ನಿಂತ. ನಡುಮನೆಯಲ್ಲಿ ಚೌಡಮ್ಮ ಎಲೆ ಬಡಿಸುತ್ತಿದ್ದಳು. ಗಂಡನಿಗೊಂದು, ಅತ್ತೆಗೊಂದು, ಮಾವನಿಗೊಂದು, ಹುಟ್ಟಿ ಹನ್ನೊಂದು ದಿನಕ್ಕೆ ಹೋದ ಕೂಸಿಗೆ ಒಂದು ಪುಟ್ಟದು. ಅವರವರಿಗೆ ಇಷ್ಟವಾದದ್ದು ಅವರವರ ಎಲೆಗೆ: ಗಂಡನದರಲ್ಲಿ ಕೋಳಿಯ ಸಾರು, ಅತ್ತೆಯದರಲ್ಲಿ ಕವಳದ ಸಂಚಿ, ಕೂಸಿನದರಲ್ಲಿ ಬರೀ ಹಾಲು.

ಐದನೆಯ ಎಲೆ ಒಳಗಿರಲಿಲ್ಲ. ಹೊರ ಜಗಲಿಯಲ್ಲಿ, ಸಂಗಯ್ಯ ನಿಂತಲ್ಲಿಂದ ಎರಡು ಮಾರು ದೂರದಲ್ಲಿತ್ತು. ಅದರ ಮೇಲೆ ಕಡುಬಿಲ್ಲ, ಪಾಯಸವಿಲ್ಲ. ದಪ್ಪನೆ ಗೋಧಿ ರೊಟ್ಟಿ ಎರಡು, ಟೊಮೆಟೊ ಸುಟ್ಟು ಎಳ್ಳು ಹಾಕಿ ಅರೆದ ಕೆಂಪು ಚಟ್ನಿ, ಸ್ಟೀಲ್ ಲೋಟದಲ್ಲಿ ಹಾಲಿಲ್ಲದ ಚಹ, ಮೇಲೆ ಕಾಳುಮೆಣಸಿನ ಪುಡಿ ತೇಲುತ್ತಿತ್ತು. ಈ ಸೀಮೆಯಲ್ಲಿ ಅಂಥ ಊಟ ಉಣ್ಣುವ ಹಿರಿಯರನ್ನು ಸಂಗಯ್ಯ ಕಂಡಿರಲಿಲ್ಲ.

“ಇದು ಯಾರಿಗಮ್ಮ ಎಡಿ?”

ಚೌಡಮ್ಮ ತಿರುಗಿ ನೋಡಿದಳು. ಖಾಕಿ ಕಂಡು ಸಟ್ಟುಗ ಕೆಳಗಿಟ್ಟಳು. ಬೇರೆ ದಿನವಾಗಿದ್ದರೆ ಎಂತದ್ದಾದರೂ ಹೇಳಿ ದಾಟಿಸುತ್ತಿದ್ದಳೇನೋ. ಆದರೆ ಎಲೆ ಬಡಿಸಿಯಾಗಿತ್ತು, ಹಿರಿಯರು ಬಂದು ಕೂತ ಹೊತ್ತು. ಎಡೆಯ ಎದುರು ಸುಳ್ಳಾಡಿದರೆ ಅವರು ಉಣ್ಣದೆ ಏಳುತ್ತಾರೆ, ಎದ್ದವರು ಮತ್ತೆ ಆ ಮನೆಗೆ ಬಾರರು. ಇದು ಆ ಮನೆಯಲ್ಲಿ ಯಾರೂ ಕಲಿಸದೆ ಕಲಿತದ್ದು.

“ನಮ್ಮೋನಲ್ಲ. ನೇಪಾಳದೋನು” ಎಂದಳು ಮೆಲ್ಲಗೆ. “ಹೆಸ್ರು ಎಂತದೋ, ನಂಗೊತ್ತಿಲ್ಲ. ಬಹಾದ್ದೂರ ಅಂತಿದ್ವು. ನಮ್ಮ ಕುಲದೋನಲ್ಲ ಅಂತ ಒಳಗೆ ಇಡೂಕಿಲ್ಲ. ಹಂಗಂತ ಹಸ್ಕಂಡು ಇರೂಕೆ ಬಿಡೂದು ಹೆಂಗೆ? ನಮ್ಮ ಕೆಲ್ಸಕ್ಕೆ ಬಂದು ಸತ್ತೋನಲ್ದಾ?”

ಆಗ ಬಾವಿ ಕಡೆಯಿಂದ ಸುಭಾಷ ಬಂದ. ಒದ್ದೆ ಪಂಚೆ, ಕೈಯಲ್ಲಿ ತುಂಬಿದ ತಂಬಿಗೆ. ಓಡಲಿಲ್ಲ. ಹವಾಲ್ದಾರನನ್ನು, ಐದನೆಯ ಎಲೆಯನ್ನು, ತಾಯಿಯ ಮುಖವನ್ನು ಒಂದೊಂದಾಗಿ ನೋಡಿದ. ಎಲ್ಲವನ್ನೂ ಮುಚ್ಚಿಟ್ಟು ನಾಲ್ಕು ವರ್ಷ ದಾಟಿಸಿದವನು ಇದೊಂದನ್ನು ಮಾತ್ರ ಮುಚ್ಚಿಟ್ಟಿರಲಿಲ್ಲ. “ಕೈಮುಗಿದು ಬತ್ತೆ ಸಾರ್” ಎಂದ.

ಸಂಗಯ್ಯ ಹೂಂ ಎಂದು ಅಂಗಳದ ಕಲ್ಲಿನ ಮೇಲೆ ಕೂತ. ಮನೆಯವರು ಉಂಡು ಎಲೆ ಎತ್ತುವ ತನಕ ಕಾದ. ಜೀಪಿನಲ್ಲಿ ಶಶಾಂಕ ಎರಡು ಸಲ ಹಾರ್ನ್ ಒತ್ತಿದ, ಸಂಗಯ್ಯ ಕದಲಲಿಲ್ಲ.

ನಾಲ್ಕೂ ಹತ್ತಕ್ಕೆ ಠಾಣೆಯಲ್ಲಿ ವಿಚಾರಣೆ ಶುರುವಾಯಿತು. ಮಮತಾ ಕೇಳಿದರು, ಸಂಗಯ್ಯ ಬರೆದುಕೊಂಡ.

“ಎಲ್ಲಿಂದ ಕರೆದುಕೊಂಡು ಬಂದೆ?”

“ಯಲ್ಲಾಪುರದಿಂದ. ಹೆದ್ದಾರಿ ಮೇಲಿನ ಖಾನಾವಳಿ. ಲಾಕ್‌ಡೌನಿಗೆ ಮುಚ್ಚಿತ್ತು. ಹಿಂದುಗಡೆ ಕಟ್ಟಿಗೆ ರಾಶಿ ಮೇಲೆ ಕೂತಿದ್ದ.”

“ತಾರೀಖು?”

“ಮೇ ಒಂಬತ್ತು. ಹದಿನೈದು ದಿನದ ಕೆಲ್ಸ ಅಂದಿದ್ದೆ.”

“ಮರ ಹತ್ತಲು ಬರುತ್ತಿತ್ತಾ ಅವನಿಗೆ?”

“ಅಡಿಕೆ ಮರ ಕಂಡೋನೇ ಅಲ್ಲ. ಎರಡು ದಿನಕ್ಕೆ ಕಲ್ತ. ಗುಡ್ಡದೋನು, ಹೆದ್ರಿಕೆ ಅಂಬುದಿರ್ಲಿಲ್ಲ.”

ಆಮೇಲಿನದನ್ನು ಕೇಳದೆಯೇ ಹೇಳಿದ. ಆ ವರ್ಷ ಅವನ ತಂಡದವರಲ್ಲಿ ಮೂವರು ಕ್ವಾರಂಟೈನಿನಲ್ಲಿದ್ದರು, ಉಳಿದವರು ತಾಲೂಕು ದಾಟಲು ಒಪ್ಪಲಿಲ್ಲ. ಮೃಗಶಿರ ಮಳೆಗೆ ತಿಂಗಳೊಪ್ಪತ್ತು ಇತ್ತು. ಮಳೆ ಹಿಡಿಯುವುದರೊಳಗೆ ಮೈಲುತುತ್ತು ಸುಣ್ಣದ ನೀರು ಗೊನೆಗೆ ಬೀಳದಿದ್ದರೆ ಕೊಳೆ ಬರುತ್ತದೆ, ವರ್ಷದ ಬೆಳೆ ನೆಲಕ್ಕುದುರುತ್ತದೆ. ಹದಿನಾಲ್ಕು ಮನೆಗೆ ಸುಭಾಷ ಮಾತು ಕೊಟ್ಟಿದ್ದ. ಅದರ ಜೊತೆಗೇ ಊರ ಸಮಿತಿಯಲ್ಲೂ ಇದ್ದ. ಹೊರಗಿನವರು ಯಾರೂ ಬರಕೂಡದೆಂದು ಊರ ಬಾಯಿಗೆ ಬಿದಿರು ಅಡ್ಡ ಕಟ್ಟಿದವನೇ ಅವನು. ಆ ಬಿದಿರನ್ನು ತಾನೇ ಎತ್ತಿ, ನೇಪಾಳದವನನ್ನು ಮಾವನ ಹೆಸರಿನ ಪಾಸಿನಲ್ಲಿ ಒಳಗೆ ತಂದ. ಬಾಯಿ ಬಿಟ್ಟರೆ ಗುಟ್ಟು ರಟ್ಟಾಗುತ್ತದೆ. ಮೂಕ ಎಂದು ಊರಿಗೆ ಹೇಳಿದ. ಮುಖಕ್ಕೆ ಮಾಸ್ಕು, ತಲೆಗೆ ಟವೆಲು. ಮೂಕ ಕೊನೆಗೌಡ ಬಲು ಚುರುಕಿನವ ಎಂದು ತೋಟದವರು ಹೊಗಳಿದರು. ಹಗಲೆಲ್ಲ ಹಾಗೆ ಮೂಕನಾಗಿದ್ದವನು ಸಂಜೆ, ಅಡಿಕೆ ಬೇಯಿಸುವ ಚಪ್ಪರದಲ್ಲಿ ರೊಟ್ಟಿ ಸುಡುತ್ತ, ಫೋನು ಕಿವಿಗಿಟ್ಟು ಹೆಂಡತಿಯ ಹತ್ತಿರ ಮಾತಾಡುತ್ತಿದ್ದ.

“ಜ್ವರ ಯಾವಾಗ ಬಂತು?”

“ಹತ್ತೊಂಬತ್ತಕ್ಕೆ.”

“ಆಸ್ಪತ್ರೆಗೆ ಸೇರಿಸಿದ್ದು ಇಪ್ಪತ್ತೈದಕ್ಕೆ. ಆರು ದಿನ ಏನು ಮಾಡಿದೆ?”

“ಗಂಜಿ ಕೊಟ್ಟೆ, ಮಾತ್ರೆ ಕೊಟ್ಟೆ. ಕಷಾಯ ಅವ್ವಿ ಮಾಡಿಕೊಟ್ಟಳು. ಟೆಸ್ಟ್ ಮಾಡ್ಸಿದ್ರೆ ಊರು ಸೀಲ್ ಮಾಡ್ತಿದ್ರು, ನಾ ತಂದಿದ್ದು ಗೊತ್ತಾಗ್ತಿತ್ತು. ನಾಳೆ ಇಳಿತದೆ, ನಾಳೆ ಇಳಿತದೆ ಅಂದ್ಕಂಡೆ.”

“ಅವನ ಫೋನು?”

“ಬಡ್ಕೊಳ್ತಾ ಇತ್ತು. ಹೆಂಡ್ತಿದು. ಇಪ್ಪತ್ತೆರಡಕ್ಕೆ ನಾನೇ ಬಂದ್ ಮಾಡ್ದೆ. ಆಮೇಲೆ ಕಂಬಳಿ ಜೊತೆ ಅದನ್ನೂ ಸುಟ್ಟೆ.”

ಸಂಗಯ್ಯನ ಪೆನ್ನು ಒಂದು ಗಳಿಗೆ ನಿಂತಿತು, ಯಾಕೆಂದು ಅವನಿಗೇ ತಿಳಿಯಲಿಲ್ಲ. ಇಪ್ಪತ್ತೆರಡು ಎಂದು ಬರೆದು ಮುಂದೆ ಹೋದ.

ನೋಟಿಸ್ ಕೊಟ್ಟು, ಕರೆದಾಗ ಬರಬೇಕೆಂದು ಸುಭಾಷನನ್ನು ಮನೆಗೆ ಕಳುಹಿಸಿದರು. ಸತ್ತವನ ಪೂರ್ತಿ ಹೆಸರು ಸಹ ಅವನಿಗೆ ಗೊತ್ತಿರಲಿಲ್ಲ. ಲೋಕು ಎಂದು ಕರೆಯುತ್ತಿದ್ದನಂತೆ, ಅಷ್ಟೇ.

ಹೆಸರು ಸಿಕ್ಕಿದ್ದು ಸೋಮವಾರ, ಸ್ಥಳ ಪಂಚನಾಮೆಯಲ್ಲಿ. ಬೆಳಿಗ್ಗೆ ಹನ್ನೊಂದಕ್ಕೆ ಇಬ್ಬರು ಪಂಚರ ಸಮಕ್ಷಮ ಆ ಚಪ್ಪರ ನೋಡಿದರು. ಒಲೆ, ತಾಮ್ರದ ಹಂಡೆ, ಮೂಲೆಯಲ್ಲಿ ಮುರುಕು ಪಂಪು. ಹಿಂದಿನ ಕಲ್ಲುಗೋಡೆಗೆ ಮಾತ್ರ ಸುಣ್ಣ ಬಳಿದು ವರ್ಷಗಳಾಗಿತ್ತು. ವರ್ಷವರ್ಷ ಸುಣ್ಣ ಬಳಿಯುವುದೂ ಸುಭಾಷನ ತಂಡದ್ದೇ ಕೆಲಸ. ಯಾಕೆಂದು ಕೇಳಿದ್ದಕ್ಕೆ ಅವನು, ಬಳಿಯಲು ಕೈ ಬರಲಿಲ್ಲ ಎಂದು ಅತ್ತ ತಿರುಗಿದ. ಸಂಗಯ್ಯ ಟಾರ್ಚು ಹಾಕಿದ. ಔಷಧಿಯ ನೀಲಿಯಲ್ಲಿ ಬೆರಳದ್ದಿ ಬರೆದ ದೇವನಾಗರಿ ಅಕ್ಷರಗಳು. ಮಮತಾ ಓದಿದರು: ಲೋಕೇಂದ್ರ ಬೋಹರಾ, ಅಛಾಮ್, ನೇಪಾಲ್. ಕೆಳಗೆ ದಿನಕ್ಕೊಂದರಂತೆ ಹನ್ನೊಂದು ಗೀಟು. ಕೊನೆಯದು ಅರ್ಧಕ್ಕೇ ನಿಂತಿತ್ತು.

ಪಂಚರಲ್ಲೊಬ್ಬ ಆ ತೋಟದ ಯಜಮಾನ. ಗೋಡೆ ನೋಡುತ್ತ ನಿಂತವನು, “ಹಂಗರೆ ಆ ಮೂಕಂಗೆ ಮಾತು ಬತ್ತಿತ್ತು” ಎಂದ. ಆ ವರ್ಷ ಅವನ ಮನೆಯ ತೋಟಕ್ಕೆ ಕೊಳೆ ಬಂದಿರಲಿಲ್ಲ.

ಮಂಗಳವಾರ ಯಲ್ಲಾಪುರ. ಖಾನಾವಳಿಯ ಮಾಲೀಕ ಬದಲಾಗಿದ್ದ, ಆದರೆ ಹಿತ್ತಿಲಲ್ಲಿ ಪಾತ್ರೆ ತೊಳೆಯುವ ಹೆಂಗಸು ಆಗಿನವಳೇ. ಹೆಸರು ಗಂಗಾ, ಊರವರ ಬಾಯಲ್ಲಿ ಗಂಗೆ. ಕೊರಳಲ್ಲಿ ಕೆಂಪು ಮಣಿಯ ಸರ, ಬೈತಲೆಯಲ್ಲಿ ಕುಂಕುಮ. ಪೊಲೀಸರನ್ನು ಕಂಡು ಕೈ ಒರೆಸಿಕೊಂಡು ನಿಂತಳು. ಲೋಕೇಂದ್ರ ನಿನಗೇನಾಗಬೇಕು ಎಂದು ಮಮತಾ ಹಿಂದಿಯಲ್ಲಿ ಕೇಳಿದರು. ಗಂಡ ಎಂದು ಅವಳು ಕನ್ನಡದಲ್ಲೇ ಉತ್ತರಿಸಿದಳು. ಒಂಬತ್ತು ವರ್ಷದಿಂದ ಇಲ್ಲಿದ್ದೇನೆ ಎಂದಳು.

ಮಮತಾ ಹೇಳಿದರು. ಸುತ್ತಿ ಬಳಸಿ ಹೇಳಲಿಲ್ಲ.

ಗಂಗೆ ಅಳಲಿಲ್ಲ. ನಲ್ಲಿ ಬಿಟ್ಟಿದ್ದು ನೆನಪಾದವಳ ಹಾಗೆ ಹೋಗಿ ನಿಲ್ಲಿಸಿ ಬಂದು ಕೂತಳು. ಹೇಳಿಕೆ ಕೊಟ್ಟಳು. ಹದಿನೈದು ದಿನ, ಸಿರ್ಸಿ ಕಡೆ ಅಂದು ಹೋದ. ಇಪ್ಪತ್ತೊಂದರ ಸಂಜೆ ಫೋನಿನಲ್ಲಿ ದನಿ ಸೋತಿತ್ತು, ಜ್ವರ ಎಂದ. ಮರುದಿನ ಫೋನು ಹತ್ತಲಿಲ್ಲ. ಅವನಿದ್ದ ಊರು ಗೊತ್ತಿರಲಿಲ್ಲ, ಯಜಮಾನನ ಹೆಸರೂ ಗೊತ್ತಿರಲಿಲ್ಲ. ಆದರೂ ಸಿರ್ಸಿ ದಾರಿ ಹಿಡಿದು ನಡೆದಳು. ಮೂರು ತಾಸು ನಡೆದ ಮೇಲೆ ಚೆಕ್‌ಪೋಸ್ಟು ಸಿಕ್ಕಿತು.

“ಅಲ್ಲಿ ಒಬ್ಬರು ಪೊಲೀಸ್ ಇದ್ದರು. ಪಾಸ್ ಇಲ್ಲ, ಹೋಗಂಗಿಲ್ಲ ಹೇಳಿದರು. ನಿನ್ನ ಗಂಡ ಊರಿಗೆ ಹೋಗಿರ್ತಾನ, ನಿಮ್ಮ ಜನ ಹಂಗ, ಫೋನ್ ಮಾಡ್ತಾನ ಹೇಳಿದರು. ನೀರು ಕೊಟ್ಟರು. ಒಳ್ಳೆಯವರು. ನಾನು ನಂಬಿದೆ. ವಾಪಸ್ ಬಂದೆ.”

ಇಲ್ಲಿಗೆ ನಿಲ್ಲಿಸಲಿಲ್ಲ ಅವಳು. ಆಮೇಲೆ ನಾಲ್ಕು ವರ್ಷ ನಂಬಿದೆ ಎಂದಳು. ಇಲ್ಲಿಯವರು ಗೌರಿ ಕೂರಿಸುವ ದಿನವೇ ಅವರಿಗೆ ತೀಜ್ ಹಬ್ಬ. ಗಂಡನ ಆಯುಷ್ಯಕ್ಕಾಗಿ ಹೆಂಡತಿ ನೀರೂ ಮುಟ್ಟದೆ ಉಪವಾಸ ಮಾಡಬೇಕು. ಮೊನ್ನೆ ಆಗಸ್ಟಿನಲ್ಲೂ ಮಾಡಿದ್ದಳು. ಐದನೆಯದು.

ಬರೆಯುತ್ತಿದ್ದ ಸಂಗಯ್ಯ ಪೆನ್ನಿನ ಮುಚ್ಚಳ ಹಾಕಿದ. ಮೇ ಇಪ್ಪತ್ತೆರಡು, ಯಲ್ಲಾಪುರ–ಸಿರ್ಸಿ ರಸ್ತೆ, ಬಿಸಿಲು ನೆತ್ತಿಗೆ ಬಂದ ಹೊತ್ತು. ಆಗ ಅವನ ಬಂದೋಬಸ್ತು ಅಲ್ಲಿತ್ತು. ದಿನಕ್ಕೆ ನೂರಾರು ಜನರನ್ನು ತಿರುಗಿಸಿ ಕಳುಹಿಸಿದ ಕಾಲ. ಒಂದು ಮುಖವೂ ನೆನಪಿರಲಿಲ್ಲ. ನೆನಪಿದ್ದದ್ದು ಪ್ಲಾಸ್ಟಿಕ್ ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದು ಪ್ರಸಾದದಂತೆ ಹಣೆಗೆ ಒತ್ತಿಕೊಂಡ ಒಬ್ಬ ಹೆಂಗಸು. ಮಾಸ್ಕಿನ ಮೇಲೆ ಎರಡು ಕಣ್ಣು. ಲೋಕೇಂದ್ರ ಅಂದು ಬದುಕಿದ್ದ. ಇನ್ನೂ ನಾಲ್ಕು ದಿನ ಬದುಕಿದ್ದ.

ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅವನು ನಂಬಿದ ಶಿವನಿಗೆ ತಿಳಿದಿತ್ತು.

“ಅವಾ ನಾನೇ, ತಂಗಿ” ಎಂದ ಸಂಗಯ್ಯ. “ನಿನ್ನ ತಿರುಗಿಸಿ ಕಳಿಸಿದಾವ ನಾನೇ.”

ಗಂಗೆ ಅವನ ಹಣೆಯ ವಿಭೂತಿಯನ್ನು ನೋಡಿದಳು. ಬೈಯಲಿಲ್ಲ, ಪರವಾಗಿಲ್ಲ ಎನ್ನಲೂ ಇಲ್ಲ. ಎದ್ದು ಗೋಡೆಗೆ ಮುಖ ಮಾಡಿ ನಿಂತಳು. ಬೆನ್ನು ಅಲುಗುತ್ತಿತ್ತು. ಮಮತಾ ಹೊರಗೆ ಹೋಗಿ ಜೀಪಿನ ಹತ್ತಿರ ನಿಂತರು. ಸಂಗಯ್ಯ ಇದ್ದಲ್ಲೇ ಕೂತಿದ್ದ. ಒಳಗೆ ಯಾರೋ ಪ್ಲೇಟು ತಾ ಎಂದು ಎರಡು ಸಲ ಕೂಗಿ ಸುಮ್ಮನಾದರು.

ತಿರುಗಿದಾಗ ಅವಳು ಕೇಳಿದ್ದು ಒಂದೇ. “ತಿಥಿ ಯಾವುದು?” ತಾರೀಖು ಹಿಡಿದು ಕರ್ಮ ಮಾಡಲು ಬರುವುದಿಲ್ಲ ಎಂದಳು.

ಅದು ಸಂಗಯ್ಯನಿಗೆ ಪಂಚಾಂಗ ನೋಡದೆ ಗೊತ್ತಿತ್ತು. ಆ ದಿನ ಗ್ರಹಣವಿತ್ತು, ಚೆಕ್‌ಪೋಸ್ಟಿನಲ್ಲೇ ಸ್ನಾನ ಮಾಡಿದ್ದ. “ವೈಶಾಖ ಹುಣ್ಣಿಮಿ” ಎಂದ. “ನಮ್ಮ ಕಡೆ ಆಗಿ ಹುಣ್ಣಿಮಿ ಅಂತೇವಿ. ಒಳ್ಳೆ ತಿಥಿ.” ಅವಳು ಅದನ್ನು ತನ್ನ ಭಾಷೆಯಲ್ಲಿ ಒಮ್ಮೆ ಹೇಳಿಕೊಂಡಳು, ಮರೆಯದಿರಲೆಂದು.

ಸೆಪ್ಟೆಂಬರ್ ಇಪ್ಪತ್ನಾಲ್ಕು, ಬುಧವಾರ. ನಿರ್ಲಕ್ಷ್ಯದಿಂದ ಸಾವಿಗೆ ಕಾರಣನಾದ ಕಲಮನ್ನು ಸೇರಿಸಲು ನ್ಯಾಯಾಲಯಕ್ಕೆ ವರದಿ ಹೋಯಿತು. ಜನನ ಮರಣ ನೋಂದಣಿಯವರಿಗೆ ಮಮತಾ ಪತ್ರ ಸಿದ್ಧ ಮಾಡಿದರು: ಕೆರಿಯಪ್ಪನ ಹೆಸರು ತೆಗೆಯಬೇಕು, ಆ ಜಾಗದಲ್ಲಿ ಲೋಕೇಂದ್ರ ಬೋಹರಾ, ವಯಸ್ಸು ಮೂವತ್ತೊಂದು ಎಂದು ಬರೆಯಬೇಕು. ಒಬ್ಬನನ್ನು ಬದುಕಿಸಬೇಕಾದರೆ ಇನ್ನೊಬ್ಬನನ್ನು ಸಾಯಿಸಬೇಕು ನೋಡಿ ಎಂದ ಶಶಾಂಕ, ಟೈಪು ಮಾಡುತ್ತ. ಯಾರೂ ನಗಲಿಲ್ಲ. ಅವನಿಗೂ ಆಮೇಲೆ ಬೇಜಾರಾಯಿತು.

ಕೇಸ್ ಡೈರಿಯಲ್ಲಿ ಹಿಂದಿನ ದಿನದ ತನಿಖೆಯ ಕೆಳಗೆ ಸಂಗಯ್ಯ ಚೆಕ್‌ಪೋಸ್ಟಿನ ಸಂಗತಿಯನ್ನು ಆರು ಸಾಲು ಬರೆದು, ತನ್ನ ಹೆಸರು, ನಂಬರು ಹಾಕಿದ್ದ. ಮಮತಾ ಓದಿದರು. ಇದು ಅಪರಾಧವಲ್ಲ, ಆಜ್ಞೆ ಪಾಲಿಸಿದ್ದು, ಕೇಸಿಗೆ ಬೇಕಾಗಿಲ್ಲ ಎಂದರು. ಕೇಸಿಗೆ ಬೇಡದಿರಬಹುದು ಮೇಡಂ, ಆ ದಿನ ಏನಾಯಿತು ಎಂದು ಬರೆಯುವಾಗ ಅದೂ ಆಗಿದೆಯಲ್ಲ ಎಂದ. ಅವರು ಮತ್ತೆ ಓದಿ ಕೆಳಗೆ ಸಹಿ ಹಾಕಿದರು.

ಐದು ಗಂಟೆಗೆ ಸುಭಾಷ ತಾನಾಗಿ ಬಂದ. ಜೊತೆಗೆ ಕೆರಿಯಪ್ಪ ಬಂದಿದ್ದ, ಅಳಿಯನ ಬಟ್ಟೆಯ ಚೀಲ ಹಿಡಿದುಕೊಂಡು. ದಸ್ತಗಿರಿ ಪತ್ರದಲ್ಲಿ ಸುದ್ದಿ ತಿಳಿಸಿದ ಸಂಬಂಧಿಕನ ಕಾಲಂಗೆ ಕೆರಿಯಪ್ಪನೇ ಹೆಬ್ಬೆಟ್ಟು ಒತ್ತಿದ. ಸರ್ಕಾರದ ಲೆಕ್ಕದಲ್ಲಿ ಅವನಿನ್ನೂ ಸತ್ತವನು, ಆದರೂ ಒತ್ತಿಸಿಕೊಂಡರು.

ಕರೆದೊಯ್ಯುವ ಮುಂಚೆ ಮಮತಾ ಒಂದು ಮಾತು ಕೇಳಿದರು. ಊರಿಗೆ ಹೆದರಿದೆ, ಸರಿ. ಅವನು ಸತ್ತ ಮೇಲೆ ಯಲ್ಲಾಪುರಕ್ಕೆ ಹೋಗಿ ಆ ಹೆಂಗಸಿಗೆ ಹೇಳಲು ಯಾವ ಊರು ಅಡ್ಡ ಬಂದಿತ್ತು?

ಸುಭಾಷ ತನ್ನ ಅಂಗೈ ನೋಡಿಕೊಂಡ. ವರ್ಷವರ್ಷದ ಮೈಲುತುತ್ತಿಗೆ ಉಗುರ ಬುಡ ನೀಲಿಯಾಗಿತ್ತು. ಕೊಟ್ಟ ಮಾತು ಉಳಿಸಿಕೊಳ್ಳಲು ಹೋದವನು, ಊರಿನ ಬಾಯಿಗೆ ಅಂಜಿದವನು. ಇನ್ನೊಬ್ಬನ ಪ್ರಾಣಕ್ಕಿಂತ ತನ್ನ ಮಾನ ಅವನಿಗೆ ಆರು ದಿನ ಹೆಚ್ಚಾಗಿ ಕಂಡಿತ್ತು. ಏಳನೆಯ ದಿನ ಹಾಗೆ ಕಾಣಲಿಲ್ಲ. ಅಷ್ಟರಲ್ಲಿ ಹೊತ್ತು ಮೀರಿತ್ತು.

“ಹೋಗಿದ್ದೆ ಮೇಡಂ” ಎಂದ. “ಮೂರು ಸಲ ಹೋಗಿದ್ದೆ. ಕುಂಕುಮ ಹಚ್ಕಂಡು ಮೇಜು ಒರ್ಸ್ತಾ ಇದ್ದಳು. ಎಂತ ಬೇಕು ಅಂತ ಕೇಳಿದಳು. ಮೂರೂ ಸಲ ಚಾ ಕುಡ್ಕಂಡು ಬಂದೆ.”

ಸಂಗಯ್ಯ ಅದನ್ನು ಅವನು ಹೇಳಿದ ಹಾಗೆಯೇ ಬರೆದುಕೊಂಡು, ಓದಿ ಹೇಳಿ, ಸಹಿ ಪಡೆದ. ಸಮಯ ಸಂಜೆ ಐದೂ ನಲವತ್ತು.